ಹೊಳೆ ಹುಟ್ಟುವ ಗುಡ್ಡ – ಗಂಗಾಮೂಲ ಮತ್ತು ಭದ್ರೆಯ ಕಣಿವೆ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಮೊದಲಿನಿಂದಲೂ ಇದು ಮಳೆ ಕಡಿಮೆ ಇರುವ ಸೀಮೆ. ಆದರೆ ದೇವರಿಗೆ ಇಲ್ಲಿ ಕಡಿಮೆ ಇಲ್ಲ. ಕೊಟ್ಟೂರಿನಲ್ಲಿ ಗುರುಬಸವೇಶ್ವರ, ಉಜ್ಜಯಿನಿಯಲ್ಲಿ ಮರುಳಸಿದ್ಧೇಶ್ವರ, ಮೈಲಾರದಲ್ಲಿ ಮೈಲಾರಲಿಂಗೇಶ್ವರ, ಕುರುವತ್ತಿಯಲ್ಲಿ ಬಸವೇಶ್ವರ, ಉಚ್ಚಂಗಿದುರ್ಗದ ಮೇಲೆ ಉಚ್ಚಂಗೆಮ್ಮ, ಹೀಗೆ ಹೆಜ್ಜೆ ಹೆಜ್ಜೆಗೂ ಕ್ಷೇತ್ರಗಳಿವೆ. ಭಕ್ತರು ಒಂದು ಕಡೆ ಹರಕೆ ತೀರಿಸಿ ಇನ್ನೊಂದು ಕಡೆಗೆ ಹೋಗುತ್ತಾರೆ. ಎಲ್ಲಿಗೆ ಹೋದರೂ ಮೊದಲು ಕೈಕಾಲು ತೊಳೆಯಲು, ಸ್ನಾನಕ್ಕೆ, ಅಭಿಷೇಕಕ್ಕೆ ನೀರು ಬೇಕು. ನೀರಿಲ್ಲದೆ ಯಾವ ಪೂಜೆಯೂ ಆಗೋದಿಲ್ಲ.

ಮೈಲಾರದ ಜಾತ್ರೆ ನಡೆಯುವುದು ಭಾರತ ಹುಣ್ಣಿಮೆಯ ಸುಮಾರಿಗೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರ್ಣಿಕ ಕೇಳಲು ಲಕ್ಷಗಟ್ಟಲೆ ಮಂದಿ ಸೇರುತ್ತಾರೆ. ಆ ಹೊತ್ತಿಗೆ ಈ ಕಡೆ ಮಳೆ ನಿಂತು ಮೂರು ತಿಂಗಳಾದರೂ ಆಗಿರುತ್ತದೆ. ಹಳ್ಳಗಳು ಒಣಗಿ ಉಸುಕು ಕಾಣುತ್ತಿರುತ್ತದೆ. ಆದರೂ ಮೈಲಾರದ ಹತ್ತಿರ ತುಂಗಭದ್ರಾ ಹೊಳೆಯಲ್ಲಿ ಭಕ್ತರು ಮುಳುಗು ಹಾಕಿ ಏಳುತ್ತಾರೆ. ಹಾಗಾದರೆ ಆ ನೀರು ಬಂದದ್ದು ಎಲ್ಲಿಂದ?

ಇದಕ್ಕೆ ಉತ್ತರ ಬಹಳ ಮಂದಿಗೆ ಗೊತ್ತಿಲ್ಲ. ಹೊಳೆಯಲ್ಲಿ ನೀರು ಸಾಲದೆ ಹೋದ ಹಲವು ವರ್ಷಗಳಲ್ಲಿ ಜಾತ್ರೆಗೆಂದೇ ಭದ್ರಾ ಜಲಾಶಯದಿಂದ ನದಿಗೆ ನೀರು ಬಿಟ್ಟಿದ್ದಾರೆ. ಆ ಜಲಾಶಯಕ್ಕೆ ನೀರು ಬರುವುದು ಚಿಕ್ಕಮಗಳೂರು ಜಿಲ್ಲೆಯ ದಟ್ಟ ಕಾಡಿನ ಕಣಿವೆಯಿಂದ. ಆ ಕಣಿವೆಯ ತುದಿಯಲ್ಲಿ ಗಂಗಾಮೂಲ ಇದೆ. ಹೊಳೆಯ ದಾರಿಯಲ್ಲಿ ಲೆಕ್ಕ ಹಾಕಿದರೆ ಮೈಲಾರದಿಂದ ಅದು 250 ಕಿಲೋಮೀಟರಿಗೂ ಹೆಚ್ಚು ದೂರ. ಹೊಳೆಗೆ ಕೈ ಮುಗಿಯುವವರು ಹೊಳೆಯ ತವರನ್ನೂ ತಿಳಿದಿರಬೇಕೆಂದು ಈ ಪಾಠ.

1. ವರಾಹ ಪರ್ವತದ ಐತಿಹ್ಯ

ಹಿರಣ್ಯಾಕ್ಷನು ಭೂದೇವಿಯನ್ನು ಕದ್ದೊಯ್ದಾಗ ಶ್ರೀಮಹಾವಿಷ್ಣು ವರಾಹ ರೂಪ ತಾಳಿ ಅವನನ್ನು ಸಂಹರಿಸಿದ ಕಥೆ ಎಲ್ಲರೂ ಕೇಳಿದ್ದೇ. ಆ ಮೇಲೆ ದಣಿದ ವರಾಹಸ್ವಾಮಿ ಸಹ್ಯಾದ್ರಿಯ ಒಂದು ಗುಡ್ಡದ ಮೇಲೆ ಕುಳಿತನಂತೆ. ಆಗ ಅವನ ಎಡಗೋರೆಯಿಂದ ಇಳಿದ ನೀರು ತುಂಗೆಯಾಯಿತು, ಬಲಗೋರೆಯಿಂದ ಇಳಿದದ್ದು ಭದ್ರೆಯಾಯಿತು, ಕಣ್ಣಿನಿಂದ ಇಳಿದದ್ದು ನೇತ್ರಾವತಿಯಾಯಿತು ಎಂಬುದು ಹಿಂದಿನಿಂದ ಬಂದ ನಂಬಿಕೆ. ಆ ಗುಡ್ಡವೇ ವರಾಹ ಪರ್ವತ. ಸಮುದ್ರ ಮಟ್ಟದಿಂದ ಅದರ ಎತ್ತರ 1,458 ಮೀಟರ್. ಅಲ್ಲಿಯ ಕಾಡಿನೊಳಗೆ ಗುಹೆಯಂಥ ಜಾಗದಲ್ಲಿ ವರಾಹಸ್ವಾಮಿಯ ಮೂರ್ತಿಯೂ ಭಗವತಿ ದೇವಿಯ ಸನ್ನಿಧಿಯೂ ಇವೆ.

ಈ ಐತಿಹ್ಯದಲ್ಲಿ ಒಂದು ವಿಶೇಷ ಗಮನಿಸಬೇಕು. ಒಂದೇ ಬೆಟ್ಟಸಾಲಿನಲ್ಲಿ ಹುಟ್ಟಿದರೂ ಮೂವರು ಅಕ್ಕತಂಗಿಯರ ದಾರಿ ಬೇರೆ ಬೇರೆ. ನೇತ್ರಾವತಿ ಪಡುವಣಕ್ಕೆ ಇಳಿದು ಧರ್ಮಸ್ಥಳದ ಹತ್ತಿರ ಹಾಯ್ದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತಾಳೆ. ತುಂಗೆ ಮತ್ತು ಭದ್ರೆ ಇಬ್ಬರೂ ಮೂಡಣ ಸೀಮೆಯ ಕಡೆ ಮುಖ ಮಾಡುತ್ತಾರೆ. ಅವರ ನೀರು ಕೊನೆಗೆ ಕೃಷ್ಣೆಯ ಜೊತೆಗೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಗುಡ್ಡದ ನೆತ್ತಿಯಲ್ಲಿ ಬಿದ್ದ ಮಳೆ ಹನಿ ನಾಲ್ಕು ಮಾರು ಆಚೆ ಬಿದ್ದರೆ ಒಂದು ಸಮುದ್ರ, ಈಚೆ ಬಿದ್ದರೆ ಇನ್ನೊಂದು ಸಮುದ್ರ. ಈಚೆ ಬಿದ್ದ ಹನಿಯೇ ಈ ಬಯಲು ಸೀಮೆಗೆ ಸಿಕ್ಕ ಪ್ರಸಾದ.

2. ಭದ್ರೆಯ ಕಣಿವೆ

ತುಂಗೆ ಗಂಗಾಮೂಲದಿಂದ ಕೆರೆಕಟ್ಟೆಯ ಕಾಡಿನಲ್ಲಿ ಇಳಿದು ಶೃಂಗೇರಿ, ತೀರ್ಥಹಳ್ಳಿ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಬರುತ್ತಾಳೆ. ಅವಳ ದಾರಿ ಸುಮಾರು 147 ಕಿಲೋಮೀಟರ್. ಶೃಂಗೇರಿಗೆ ಹೋದವರೆಲ್ಲ ತುಂಗೆಯನ್ನೂ ಅಲ್ಲಿಯ ಮೀನುಗಳನ್ನೂ ನೋಡಿಯೇ ಬಂದಿರುತ್ತಾರೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಗಾದೆಯೂ ಎಲ್ಲರ ಬಾಯಲ್ಲಿದೆ.

ಭದ್ರೆಯ ಕಣಿವೆ ಅಷ್ಟು ಪರಿಚಿತವಲ್ಲ. ಅದು ಕುದುರೆಮುಖದ ಬೆಟ್ಟಗಳ ಒಳಗೇ ಸುತ್ತಿ ಬರುತ್ತದೆ. ಕುದುರೆಯ ಮುಖದ ಹಾಗೆ ಕಾಣುವ ಆ ಶಿಖರದ ಎತ್ತರ 1,890 ಮೀಟರಿನಷ್ಟು. ಸುತ್ತಲ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಇದೂ ಅದರಲ್ಲಿತ್ತು. ಹುಲಿ, ಕಾಟಿ, ಕಡವೆ, ಮುಖದ ಸುತ್ತ ಬಿಳಿ ಕೇಸರ ಇರುವ ಸಿಂಗಳೀಕ ಇವೆಲ್ಲ ಅಲ್ಲಿಯ ನಿವಾಸಿಗಳು. ಮಲೆಕುಡಿಯರೆಂಬ ಬುಡಕಟ್ಟಿನ ಜನ ತಲೆಮಾರುಗಳಿಂದ ಆ ಕಾಡಿನಲ್ಲಿ ಬದುಕಿಕೊಂಡು ಬಂದಿದ್ದಾರೆ.

ಕಣಿವೆ ಇಳಿದ ಮೇಲೆ ಭದ್ರೆಗೆ ಸಿಗುವ ಮೊದಲ ದೊಡ್ಡ ಕ್ಷೇತ್ರ ಕಳಸ. ಅಲ್ಲಿ ಕಳಸೇಶ್ವರ ದೇವಸ್ಥಾನ ಇದೆ. ಸುತ್ತಮುತ್ತ ವಸಿಷ್ಠ ತೀರ್ಥ, ನಾಗ ತೀರ್ಥ, ಕೋಟಿ ತೀರ್ಥ, ರುದ್ರ ತೀರ್ಥ, ಅಂಬಾ ತೀರ್ಥವೆಂದು ಪಂಚತೀರ್ಥಗಳಿವೆ. ಅಂಬಾ ತೀರ್ಥದಲ್ಲಿರುವ ಒಂದು ದೊಡ್ಡ ಬಂಡೆಯನ್ನು ಶ್ರೀ ಮಧ್ವಾಚಾರ್ಯರು ಎತ್ತಿಟ್ಟರೆಂಬ ನಂಬಿಕೆ ಇದೆ. ಕಳಸದಿಂದ ಹೊಳೆ ದಾಟಿದರೆ ಹೊರನಾಡು, ಅನ್ನಪೂರ್ಣೇಶ್ವರಿಯ ಸನ್ನಿಧಿ. ಮಳೆಗಾಲದಲ್ಲಿ ಈ ದಾರಿಯ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದು ಸಂಚಾರ ನಿಂತ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಅಲ್ಲಿ ಸೇತುವೆ ಮುಳುಗಿತು ಎಂದರೆ ಕೆಲವು ದಿನಗಳಲ್ಲಿ ಕೆಳಗಿನ ಜಲಾಶಯ ಏರುತ್ತದೆ ಎಂದು ತಿಳಿಯಬೇಕು.

ಮುಂದೆ ಬಾಳೆಹೊನ್ನೂರು. ಪಂಚಪೀಠಗಳಲ್ಲಿ ಒಂದಾದ ರಂಭಾಪುರಿ ಪೀಠ ಇರುವುದು ಇಲ್ಲೇ, ಭದ್ರಾ ತೀರದಲ್ಲಿ. ಇನ್ನೊಂದು ಪೀಠವಾದ ಸದ್ಧರ್ಮ ಪೀಠ ಇರುವುದು ಕೊಟ್ಟೂರಿನ ಹತ್ತಿರದ ಉಜ್ಜಯಿನಿಯಲ್ಲಿ. ಉಜ್ಜಯಿನಿಯ ಜಾತ್ರೆಯಲ್ಲಿ ದೇವಸ್ಥಾನದ ಶಿಖರಕ್ಕೆ ಎಣ್ಣೆ ಎರೆಯುವುದನ್ನು ನೋಡಲು ಹೋಗುವ ಭಕ್ತರು ಬಾಳೆಹೊನ್ನೂರಿಗೂ ನಡೆದುಕೊಳ್ಳುತ್ತಾರೆ. ಒಂದು ಪೀಠ ಮಲೆನಾಡಿನ ಹೊಳೆದಂಡೆಯಲ್ಲಿ, ಇನ್ನೊಂದು ಪೀಠ ಬೋರ್‌ವೆಲ್ ನಂಬಿದ ಬಯಲಿನಲ್ಲಿ. ಗುರುಪರಂಪರೆಯ ಸಂಬಂಧದ ಜೊತೆಗೆ ಎರಡೂ ಸೀಮೆಗೆ ನೀರಿನ ಸಂಬಂಧವೂ ಇದೆ ಎಂಬುದನ್ನು ಭಕ್ತರು ನೆನಪಿಡಬೇಕು.

ಬಾಳೆಹೊನ್ನೂರಿನಿಂದ ಮುಂದಕ್ಕೆ ಹೋಗಿ ಲಕ್ಕವಳ್ಳಿಯಲ್ಲಿ ಭದ್ರೆ ಅಣೆಕಟ್ಟಿನೊಳಗೆ ನಿಲ್ಲುತ್ತಾಳೆ. 1965ರ ಸುಮಾರಿಗೆ ಪೂರ್ಣಗೊಂಡ ಈ ಜಲಾಶಯದಲ್ಲಿ 71.5 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಇದರ ನಾಲೆ ನೀರು ದಾವಣಗೆರೆ, ಹರಿಹರದ ಗದ್ದೆಗಳಿಗೆ ಹೋಗಿ ಹರಪನಹಳ್ಳಿ ತಾಲ್ಲೂಕಿನ ಅಂಚಿನ ಹೊಲಗಳಿಗೂ ಸೇರಿದೆ. ಅಣೆಕಟ್ಟು ದಾಟಿದ ಭದ್ರೆ ಭದ್ರಾವತಿ ಹಾಯ್ದು, ಶಿವಮೊಗ್ಗದ ಹತ್ತಿರದ ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಅಲ್ಲಿಂದ ಮುಂದೆ ಹೆಸರು ತುಂಗಭದ್ರೆ. ಕೂಡಲಿಯಿಂದ ಕೃಷ್ಣೆಯ ಸಂಗಮದ ತನಕ ಸುಮಾರು 531 ಕಿಲೋಮೀಟರ್.

3. ಗುಡ್ಡ ನೀರು ಹಿಡಿಯುವ ಬಗೆ

ಈಗ ಮುಖ್ಯ ವಿಷಯ. ಕುದುರೆಮುಖದ ಕಡೆ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಕೂಡ್ಲಿಗಿ, ಕೊಟ್ಟೂರಿನ ಕಡೆ ಬೀಳುವುದು ಐನೂರು ಆರುನೂರು ಮಿಲಿಮೀಟರಿನ ಆಸುಪಾಸು. ಅಂದರೆ ಇಲ್ಲಿ ಹತ್ತು ವರ್ಷ ಬೀಳುವ ಮಳೆ ಅಲ್ಲಿ ಒಂದೇ ವರ್ಷಕ್ಕೆ ಬೀಳುತ್ತದೆ. ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ಬರೀ ಮಳೆ ಹೆಚ್ಚು ಬಿದ್ದರೆ ಹೊಳೆ ಆಗೋದಿಲ್ಲ. ಬೋಳು ಗುಡ್ಡದ ಮೇಲೆ ಅಷ್ಟೂ ಮಳೆ ಬಿದ್ದರೆ ನಾಲ್ಕು ದಿನ ಪ್ರವಾಹ ಬಂದು ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ, ಐದನೇ ದಿನಕ್ಕೆ ಕಲ್ಲು ಕಾಣುತ್ತದೆ. ಮಳೆ ನಿಂತ ಮೇಲೂ ಹೊಳೆ ಹರಿಯಬೇಕಾದರೆ ಗುಡ್ಡವು ನೀರನ್ನು ಹಿಡಿದಿಟ್ಟುಕೊಳ್ಳಬೇಕು.

ಕುದುರೆಮುಖದ ಗುಡ್ಡಗಳನ್ನು ದೂರದಿಂದ ನೋಡಿದರೆ ಮೇಲ್ಭಾಗವೆಲ್ಲ ಹುಲ್ಲು, ಎರಡು ಗುಡ್ಡ ಕೂಡುವ ಮಡಿಕೆಗಳಲ್ಲಿ ಮಾತ್ರ ದಟ್ಟ ಮರಗಳು. ಈ ಮಡಿಕೆಯ ಕಾಡಿಗೆ ಶೋಲಾ ಕಾಡು ಎಂದು ಹೆಸರು. ನೋಡಿದವರು ಮೇಲೆ ಯಾಕೆ ಮರ ಇಲ್ಲ, ಯಾರಾದರೂ ಕಡಿದರೋ ಎಂದು ಕೇಳುತ್ತಾರೆ. ಯಾರೂ ಕಡಿದದ್ದಲ್ಲ. ಗಾಳಿಯ ಹೊಡೆತಕ್ಕೆ, ತೆಳು ಮಣ್ಣಿಗೆ ಅಲ್ಲಿ ಹುಲ್ಲೇ ಸರಿ.

ಹುಲ್ಲು ಮಾಡುವ ಕೆಲಸ ಒಂದು, ಕಾಡು ಮಾಡುವ ಕೆಲಸ ಇನ್ನೊಂದು. ಮಳೆಯ ಹನಿ ನೇರ ಮಣ್ಣಿಗೆ ಬಡಿಯದಂತೆ ಹುಲ್ಲು ತಡೆಯುತ್ತದೆ. ಅದರ ಬೇರಿನ ಜಾಲ ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ. ನೀರು ಓಡದೆ ನಿಧಾನವಾಗಿ ಜಾರಿ ಮಡಿಕೆಗೆ ಬರುತ್ತದೆ. ಮಡಿಕೆಯ ಶೋಲಾ ಕಾಡಿನಲ್ಲಿ ನೂರಾರು ವರ್ಷಗಳ ತರಗೆಲೆ ಕೊಳೆತು ಮಣ್ಣು ಹತ್ತಿಯ ಹಾಸಿಗೆಯಂತಾಗಿರುತ್ತದೆ. ಆ ಮಣ್ಣು ನೀರು ಕುಡಿಯುತ್ತದೆ. ಕುಡಿದ ನೀರು ಬಂಡೆಯ ಬಿರುಕುಗಳಿಗೆ ಇಳಿಯುತ್ತದೆ. ಮಳೆ ನಿಂತ ಮೇಲೆ ಅದೇ ನೀರು ಸಣ್ಣ ಸಣ್ಣ ಒರತೆಯಾಗಿ ಹೊರಗೆ ಬರುತ್ತದೆ. ಒಂದೊಂದು ಒರತೆ ಕೈಬೆರಳಿನಷ್ಟು ದಪ್ಪ. ಇಂಥ ಸಾವಿರಾರು ಒರತೆ ಕೂಡಿ ಹಳ್ಳ, ಹಳ್ಳಗಳು ಕೂಡಿ ಹೊಳೆ. ಬೇಸಿಗೆಯಲ್ಲೂ ಭದ್ರೆ ತನ್ನ ಮೇಲಿನ ಕಣಿವೆಯಲ್ಲಿ ಹರಿಯುವುದು ಹೀಗೆ.

ಇದಕ್ಕೆ ಎದುರಾದ ಉದಾಹರಣೆ ಮನೆ ಬಾಗಿಲಲ್ಲೇ ಇದೆ. ಹಗರಿಬೊಮ್ಮನಹಳ್ಳಿಗೆ ಹೆಸರು ಕೊಟ್ಟದ್ದು ಹಗರಿ. ಈ ಚಿಕ್ಕ ಹಗರಿ ಮಳೆ ಬಿದ್ದಾಗ ಕೆಂಪಗೆ ಉಕ್ಕಿ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಉಸುಕಷ್ಟೇ. ಅದರ ಹುಟ್ಟಿನಲ್ಲಿ ನೀರು ಹಿಡಿಯುವ ದಟ್ಟ ಕಾಡಿಲ್ಲ, ಬೀಳುವ ಮಳೆಯೂ ಅಷ್ಟಕ್ಕಷ್ಟೆ. ಅದಕ್ಕೆ ಕಟ್ಟಿದ ಮಾಲವಿ ಜಲಾಶಯ ಎಷ್ಟೋ ವರ್ಷ ತುಂಬದೇ ಉಳಿಯಿತು. ಕೊನೆಗೆ ತುಂಗಭದ್ರೆಯಿಂದಲೇ ನೀರೆತ್ತಿ ಮಾಲವಿಗೆ ತುಂಬಿಸುವ ಯೋಜನೆ ಬಂತು. ಹೆಸರು ಹಗರಿಯದು, ನೀರು ಮಾತ್ರ ಮಲೆನಾಡಿನದು.

4. ಕಬ್ಬಿಣದ ಅದಿರಿನ ಕಾಲ

ಗಂಗಾಮೂಲದ ಸುತ್ತಲ ಗುಡ್ಡಗಳ ಹೊಟ್ಟೆಯಲ್ಲಿ ಕಬ್ಬಿಣದ ಅದಿರಿದೆ. ಅದನ್ನು ತೆಗೆಯಲು 1976ರಲ್ಲಿ ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಇರಾನ್ ದೇಶದ ಸಾಲದ ನೆರವಿನಿಂದ ಕೆಲಸ ಸುರುವಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಆ ದೇಶ ಹಿಂದೆ ಸರಿದರೂ ಗಣಿ ನಿಲ್ಲಲಿಲ್ಲ. ಇಲ್ಲಿಯ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಆದ್ದರಿಂದ ಅದನ್ನು ಹಿಟ್ಟಿನಂತೆ ಅರೆದು, ಕಬ್ಬಿಣ ಬೇರ್ಪಡಿಸಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮಂಗಳೂರಿಗೆ ಸಾಗಿಸುತ್ತಿದ್ದರು. ಉಳಿದ ಕೆಸರನ್ನು ಲಕ್ಯಾ ಹಳ್ಳಕ್ಕೆ ಎತ್ತರದ ಅಣೆಕಟ್ಟು ಕಟ್ಟಿ ಅದರ ಹಿಂದೆ ತುಂಬಿದರು. ಕಾಡಿನ ನಡುವೆ ಒಂದು ಪಟ್ಟಣವೇ ಎದ್ದಿತು. ಶಾಲೆ, ಆಸ್ಪತ್ರೆ, ಬ್ಯಾಂಕು ಎಲ್ಲವೂ ಬಂದವು. ಸಾವಿರಾರು ಕುಟುಂಬಗಳಿಗೆ ಅನ್ನವಾಯಿತು, ಇದನ್ನು ಇಲ್ಲವೆನ್ನುವಂತಿಲ್ಲ.

ಆದರೆ ಗುಡ್ಡ ಅಗೆದಲ್ಲಿ ಹುಲ್ಲೂ ಇಲ್ಲ, ಶೋಲಾ ಕಾಡೂ ಇಲ್ಲ. ಅಷ್ಟು ಜೋರು ಮಳೆ ಬೀಳುವ ಜಾಗದಲ್ಲಿ ಸಡಿಲ ಮಣ್ಣು ನಿಲ್ಲುವುದಾದರೂ ಹೇಗೆ? ಅದು ಹಳ್ಳಕ್ಕೆ, ಹಳ್ಳದಿಂದ ಭದ್ರೆಗೆ ಇಳಿಯುತ್ತದೆ ಎಂಬುದು ಪರಿಸರದವರ ಮತ್ತು ನದಿ ದಂಡೆಯ ರೈತರ ಮುಖ್ಯ ಆಕ್ಷೇಪಣೆಯಾಗಿತ್ತು. ಗಣಿಯ 30 ವರ್ಷದ ಗುತ್ತಿಗೆ 1999ರಲ್ಲಿ ಮುಗಿದಾಗ ಅದನ್ನು ಮುಂದುವರಿಸಬಾರದೆಂದು ಹೋರಾಟ ನಡೆಯಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಅದರಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಚಿಣ್ಣಪ್ಪನವರು 2024ರಲ್ಲಿ ತೀರಿಕೊಂಡರು.

ಗಣಿ ನಿಂತ ಮೇಲೆ ಪಟ್ಟಣದ ಬಹುತೇಕ ಮನೆಗಳು ಖಾಲಿಯಾದವು. ಅಲ್ಲಿ ದುಡಿದವರು ಬೇರೆ ಊರುಗಳಿಗೆ ಹೋದರು. ಹೊಳೆಯೊಂದರ ತವರನ್ನು ಉಳಿಸುವುದಕ್ಕೆ ಯಾರೋ ಕೆಲವರು ಬೆಲೆ ಕೊಟ್ಟಿದ್ದಾರೆ. ಕೆಳಗೆ ನೀರು ಕುಡಿಯುವವರು ಆ ಬೆಲೆಯನ್ನು ಮರೆಯಬಾರದು.

5. ಕೆಳಗಿನ ಊರುಗಳಲ್ಲಿ ಹೊಳೆ

ತುಂಗಭದ್ರೆ ಹರಿಹರದ ಹರಿಹರೇಶ್ವರನ ಪಾದ ಮುಟ್ಟಿ ಹರಪನಹಳ್ಳಿ ತಾಲ್ಲೂಕಿನ ಅಂಚಿಗೆ ಬರುತ್ತಾಳೆ. ಗರ್ಭಗುಡಿ, ಕುರುವತ್ತಿ, ಮೈಲಾರದ ಕಡೆ ಹಾಯುತ್ತಾಳೆ. ಎದುರು ದಂಡೆಯ ಗಳಗನಾಥದ ಹತ್ತಿರ ವರದಾ ನದಿ ಬಂದು ಕೂಡುತ್ತದೆ. ಹಮ್ಮಿಗಿಯ ಬ್ಯಾರೇಜಿನಲ್ಲಿ ಸಿಂಗಟಾಲೂರು ಏತ ನೀರಾವರಿಗೆ ನೀರು ಕೊಟ್ಟು, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಬದಿಗೆ ಹಿನ್ನೀರಾಗಿ ಹರಡಿ ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಲ್ಲುತ್ತಾಳೆ.

ಜೂನ್ ಕೊನೆಗೋ ಜುಲೈ ತಿಂಗಳಲ್ಲೋ ಹೊಳೆಗೆ ಹೊಸ ನೀರು ಬರುತ್ತದೆ. ಇಲ್ಲಿ ಒಂದು ಹನಿ ಮಳೆ ಇರುವುದಿಲ್ಲ, ಬಿಸಿಲು ಹೊಡೆಯುತ್ತಿರುತ್ತದೆ, ಆದರೂ ‘ಹೊಳಿ ಬಂತು’ ಅಂತ ಮಂದಿ ಕಾಯಿ ಒಡೆಯಲು ಹೋಗುತ್ತಾರೆ. ಮೇಲೆ ಎಲ್ಲೋ ಮಳೆಯಾಗಿದೆ ಅನ್ನುತ್ತಾರೆ. ಆ ‘ಎಲ್ಲೋ’ ಎಂಬುದಕ್ಕೆ ಹೆಸರಿದೆ. ಅದು ಗಂಗಾಮೂಲ, ಕೆರೆಕಟ್ಟೆ, ಕುದುರೆಮುಖ, ಕಳಸ.

ಹೊಳೆ ಹತ್ತಿರವಿಲ್ಲದ ಕೂಡ್ಲಿಗಿ, ಕೊಟ್ಟೂರಿನವರಿಗೆ ಇದು ಸಂಬಂಧವಿಲ್ಲದ ಮಾತಲ್ಲ. ಈ ಭಾಗದ ಎಷ್ಟೋ ಹಳ್ಳಿಗಳಲ್ಲಿ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಂಥ ನೀರು ಬಹುಕಾಲ ಕುಡಿದರೆ ಹಲ್ಲು ಹಳದಿಗಟ್ಟುತ್ತದೆ, ಮೂಳೆ ಕೀಲುಗಳಿಗೆ ತೊಂದರೆಯಾಗುತ್ತದೆ. ಆದ್ದರಿಂದಲೇ ಹೊಳೆ ನೀರಿಗಾಗಿ ಈ ಭಾಗದವರು ಬಹಳ ವರ್ಷ ಕೇಳಿಕೊಂಡು ಬಂದರು. ಕೂಡ್ಲಿಗಿ ಕಡೆಯ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಬಂದದ್ದು ಹೀಗೆ. ಹರಪನಹಳ್ಳಿ ತಾಲ್ಲೂಕಿನ ಕೆರೆಗಳಿಗೂ ಇಂಥದೇ ಯೋಜನೆ ಇದೆ. ಪೈಪು ಹಾಕುವುದು ಸರ್ಕಾರದ ಕೆಲಸ, ಪಂಪು ಒತ್ತುವುದು ವಿದ್ಯುತ್ತಿನ ಕೆಲಸ. ಆದರೆ ಪೈಪಿನ ಬಾಯಿಗೆ ನೀರು ಬರಬೇಕಾದರೆ ಆ ಗುಡ್ಡಗಳು ತಮ್ಮ ಕೆಲಸ ಮಾಡಬೇಕು.

ಹೂಳಿನ ಲೆಕ್ಕವನ್ನೂ ತಿಳಿಯಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಾಗ ಜಲಾಶಯ 132.47 ಟಿಎಂಸಿ ಹಿಡಿಯುವಂತಿತ್ತು. 2016ರ ಅಳತೆಯಲ್ಲಿ ಅದು 105.78 ಟಿಎಂಸಿಗೆ ಇಳಿದಿತ್ತು. 26 ಟಿಎಂಸಿಗೂ ಮಿಕ್ಕಿ ಜಾಗದಲ್ಲಿ ಈಗ ಮಣ್ಣು ಕೂತಿದೆ. ಇದೇ ಜಲಾಶಯಕ್ಕಾಗಿ ನಾರಾಯಣದೇವರ ಕೆರೆ ಎಂಬ ಊರು ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡರು. ಹೀಗೆ ಮನೆ, ಹೊಲ, ದೇವಸ್ಥಾನ ಬಿಟ್ಟು ಎದ್ದ ಊರುಗಳು ಹಲವು. ಅವರು ಜಾಗ ಬಿಟ್ಟುಕೊಟ್ಟದ್ದು ನೀರಿಗಾಗಿ, ಮಣ್ಣಿಗಾಗಿ ಅಲ್ಲ.

ಈ ಮಣ್ಣೆಲ್ಲ ಕುದುರೆಮುಖದಿಂದಲೇ ಬಂತು ಎನ್ನುವುದು ತಪ್ಪು. ಕುದುರೆಮುಖದಿಂದ ಇಳಿದ ಮಣ್ಣು ಮೊದಲು ಕೂರುವುದು ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ. ಹೊಸಪೇಟೆಯ ಜಲಾಶಯಕ್ಕೆ ಮಣ್ಣು ತರುವುದರಲ್ಲಿ ತುಂಗೆಯ ಕಡೆಯ, ವರದೆಯ ಕಡೆಯ ಹೊಲಗಳು, ದಂಡೆಯಲ್ಲಿ ಅಗೆದ ಉಸುಕಿನ ಗುಂಡಿಗಳು, ಈ ಐದು ತಾಲ್ಲೂಕುಗಳ ಬದುವಿಲ್ಲದ ಹೊಲಗಳು, ಮರವಿಲ್ಲದ ಗುಡ್ಡಗಳು, ಚಿಕ್ಕ ಹಗರಿಯಂಥ ಹಳ್ಳಗಳು ಎಲ್ಲಕ್ಕೂ ಪಾಲಿದೆ. ಮೇಲಿನವರ ಮೇಲೆ ಬೊಟ್ಟು ಮಾಡಿ ತೋರಿಸಿ ಕೂತರೆ ಆಗೋದಿಲ್ಲ.

2024ರ ಆಗಸ್ಟ್ 10ರ ರಾತ್ರಿ ಈ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೇ ಗೇಟು ಕಿತ್ತು ಹೋಯಿತು. ತುಂಬಿದ ಜಲಾಶಯದ ನೀರು ಹರಿದು ಹೋಗುತ್ತಿದ್ದುದನ್ನು ನೋಡಿ ರೈತರು ಕಣ್ಣೀರು ಹಾಕಿದರು. ಒಂದು ವಾರದೊಳಗೆ ಹರಿವ ನೀರಿನಲ್ಲೇ ಕಬ್ಬಿಣದ ಹಲಗೆಗಳನ್ನು ಇಳಿಸಿ ತಡೆದರು. ಅದು ಕೆಲಸಗಾರರ ಸಾಹಸ. ಅದಾದ ಮೇಲೆ ಮಳೆ ಮುಂದುವರಿದು ಜಲಾಶಯ ಮತ್ತೆ ತುಂಬಿತು. ಅಂದು ಖಾಲಿಯಾದದ್ದನ್ನು ಮರಳಿ ತುಂಬಿಕೊಟ್ಟದ್ದು ಮೇಲಿನ ಗುಡ್ಡಗಳು. ಗೇಟು ಮುರಿದರೆ ಹೊಸದು ಕೂರಿಸಬಹುದು. ಹೊಳೆ ಹುಟ್ಟುವ ಗುಡ್ಡ ಹಾಳಾದರೆ ಕೂರಿಸಲು ಇನ್ನೊಂದು ಗುಡ್ಡ ಯಾರ ಹತ್ತಿರವೂ ಇಲ್ಲ.

6. ಹತ್ತಿರದ ಗುಡ್ಡಗಳಿಗೂ ಇದೇ ಪಾಠ

ಈ ಭಾಗದ ಗುಡ್ಡಗಳ ಮೇಲೆ ಮಲೆನಾಡಿನ ಮಳೆ ಬೀಳುವುದಿಲ್ಲ. ಆದರೆ ನಿಯಮ ಒಂದೇ. ಹಿಂದಿನವರು ಕೋಟೆ ಕಟ್ಟುವಾಗ ಬೆಟ್ಟದ ಮೇಲೆ ಹೊಂಡ ತೋಡಿದರು, ದೇವರ ಹೆಸರಲ್ಲಿ ಅದಕ್ಕೆ ತೀರ್ಥವೆಂದರು. ಉಚ್ಚಂಗಿಯಿಂದ ಆಳಿದ ಪಾಂಡ್ಯ ಅರಸರು ಎತ್ತರದ ಈ ಗಿರಿದುರ್ಗದಲ್ಲಿ ನಿಂತು ಮುತ್ತಿಗೆಗಳನ್ನು ತಾಳಿಕೊಂಡರೆಂದರೆ ಮೇಲೆ ನೀರಿತ್ತು ಎಂದೇ ಅರ್ಥ. ತೀರ್ಥದ ನೀರಿಗೆ ಉಗುಳಬಾರದು, ದೇವರ ಗುಡ್ಡದ ಮರ ಕಡಿಯಬಾರದು, ದೇವರ ಕಾಡಿಗೆ ಕೊಡಲಿ ಒಯ್ಯಬಾರದು ಎಂದು ಹಿರಿಯರು ಹೇಳುತ್ತಿದ್ದದ್ದು ಬರೀ ಭಯಕ್ಕಲ್ಲ. ಗುಡ್ಡದ ಮೇಲೆ ಗಿಡ ಉಳಿದರೆ ಬುಡದ ಬಾವಿಯಲ್ಲಿ ನೀರು ಉಳಿಯುತ್ತದೆ ಎಂಬ ಅನುಭವ ಅದರಲ್ಲಿತ್ತು.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆ ಗುಡ್ಡಗಳನ್ನು 2013ರಲ್ಲಿ ಕರಡಿಧಾಮವೆಂದು ಘೋಷಿಸಿದರು. ಕರಡಿಗೆಂದು ಉಳಿಸಿದ ಕುರುಚಲು ಕಾಡು ಕೆಳಗಿನ ಊರುಗಳ ಅಂತರ್ಜಲಕ್ಕೂ ಆಸರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನು ಊರವರು ಕಾಪಾಡಿಕೊಂಡು ಬಂದರು. ಅದು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ದೂರದೂರದ ಹಕ್ಕಿಗಳು ಜಾಲಿ ಮರಗಳ ಮೇಲೆ ಗೂಡು ಕಟ್ಟುತ್ತವೆ. ಒಂದು ಊರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

7. ಯಾತ್ರಿಕರು ತಿಳಿದಿರಬೇಕಾದದ್ದು

ಶೃಂಗೇರಿ, ಹೊರನಾಡು, ಕಳಸ ಯಾತ್ರೆ ಮಾಡುವವರು ಸಾಮಾನ್ಯವಾಗಿ ಹರಿಹರ, ಶಿವಮೊಗ್ಗ, ತೀರ್ಥಹಳ್ಳಿ ಮಾರ್ಗವಾಗಿ ಹೋಗುತ್ತಾರೆ. ಶೃಂಗೇರಿಯಿಂದ ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಕುದುರೆಮುಖ ಮೂಲಕ ಕಳಸಕ್ಕೆ ಹೋಗುವ ರಸ್ತೆ ಗಂಗಾಮೂಲದ ಕಾಡಿನೊಳಗೇ ಹಾಯುತ್ತದೆ. ಆ ದಾರಿಯಲ್ಲಿ ಹೋಗುವವರು ಕೆಳಗಿನ ಸಂಗತಿಗಳನ್ನು ಗಮನಿಸಬೇಕು.

(ಅ) ಗಂಗಾಮೂಲದ ಮೂಲಸ್ಥಾನ ರಾಷ್ಟ್ರೀಯ ಉದ್ಯಾನದ ಒಳಗಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನೊಳಗೆ ಇಳಿಯುವಂತಿಲ್ಲ. ರಸ್ತೆಯಿಂದಲೇ ಮನಸ್ಸಿನಲ್ಲಿ ನಮಸ್ಕಾರ ಮಾಡಿದರೂ ಪುಣ್ಯಕ್ಕೆ ಕೊರತೆಯಿಲ್ಲ.

(ಆ) ಕಾಡಿನ ರಸ್ತೆಯಲ್ಲಿ ವಾಹನ ನಿಲ್ಲಿಸಿ ಅಡುಗೆ ಮಾಡುವುದು, ಬೆಂಕಿ ಹಾಕುವುದು, ಬೀಡಿ ತುಂಡು ಎಸೆಯುವುದು ಕೂಡದು. ಬೇಸಿಗೆಯ ಹುಲ್ಲಿಗೆ ಒಂದು ಕಿಡಿ ಸಾಕು. ಗುಡ್ಡ ಸುಟ್ಟರೆ ಮುಂದಿನ ಮಳೆಗೆ ಮಣ್ಣು ಜಾರುತ್ತದೆ.

(ಇ) ಕೋತಿಗಳಿಗೆ ತಿಂಡಿ ಹಾಕಬಾರದು. ಅದು ಭೂತದಯೆಯಂತೆ ಕಂಡರೂ ಅವು ರಸ್ತೆಗೆ ಬಂದು ವಾಹನಕ್ಕೆ ಸಿಕ್ಕಿ ಸಾಯುತ್ತವೆ.

(ಈ) ಹೊಳೆಯಲ್ಲಿ ಸ್ನಾನ ಮಾಡಿ ಹಳೆಯ ಬಟ್ಟೆ ಅಲ್ಲೇ ಬಿಡುವುದು, ಸೋಪು, ಶಾಂಪೂ ಚೀಟಿ, ಪ್ಲಾಸ್ಟಿಕ್ ಕವರು, ದೇವರ ಪಟಗಳನ್ನು ನೀರಿಗೆ ಬಿಡುವುದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಕಳಸದಲ್ಲಿ ಬಿಟ್ಟದ್ದು ಮೈಲಾರಕ್ಕೆ ಬರುತ್ತದೆ, ಮೈಲಾರದಲ್ಲಿ ಬಿಟ್ಟದ್ದು ಕುಡಿಯುವ ನೀರಿನ ಪೈಪಿನ ಬಾಯಿಗೆ ಬರುತ್ತದೆ.

(ಉ) ಮಳೆಗಾಲದಲ್ಲಿ ಹೊಳೆಯ ಮಧ್ಯದ ಬಂಡೆಗಳ ಮೇಲೆ ಹೋಗಬಾರದು. ಮೇಲೆ ಗುಡ್ಡದಲ್ಲಿ ಮಳೆಯಾದರೆ ಕೆಳಗೆ ನೀರು ಹೇಳದೆ ಕೇಳದೆ ಏರುತ್ತದೆ.

(ಊ) ಬೆಟ್ಟದ ದೇವಸ್ಥಾನಗಳಿಗೆ ಬರುವವರು ತೆಂಗಿನಕಾಯಿ, ಹೂವು ತಂದ ಪ್ಲಾಸ್ಟಿಕ್ ಚೀಲವನ್ನು ವಾಪಸ್ಸು ಒಯ್ಯಬೇಕು. ಹೊಂಡದಲ್ಲಿ ಕಾಲು ತೊಳೆಯದೆ ಹೊರಗೆ ಚೊಂಬಿನಲ್ಲಿ ನೀರೆತ್ತಿ ತೊಳೆಯಬೇಕು. ಹರಕೆ ಹೊತ್ತವರು ತಮ್ಮ ಊರಿನ ಗುಡ್ಡದಲ್ಲಿ ಒಂದು ಬೇವಿನದೋ ಹೊಂಗೆಯದೋ ಸಸಿ ನೆಟ್ಟು ಎರಡು ಬೇಸಿಗೆ ನೀರೆರೆದರೆ ಅದೂ ಸೇವೆಯೇ.

ಗಂಗಾಮೂಲದ ಮಣ್ಣಿನಲ್ಲಿ ಇಂಗಿದ ಹನಿ ಕಳಸೇಶ್ವರನ ಹತ್ತಿರ ಹಾಯ್ದು, ರಂಭಾಪುರಿಯ ದಂಡೆ ಮುಟ್ಟಿ, ಕೂಡಲಿಯಲ್ಲಿ ತಂಗಿಯೊಡನೆ ಕೂಡಿ, ಹರಿಹರೇಶ್ವರನಿಗೆ ನಮಿಸಿ, ಕುರುವತ್ತಿ ಮೈಲಾರದ ಭಕ್ತರ ಮೈ ತೊಳೆದು, ಪೈಪಿನಲ್ಲಿ ಏರಿ ಕೂಡ್ಲಿಗಿಯ ಕೆರೆಗೆ ಸೇರುತ್ತದೆ. ಇಷ್ಟು ಯಾತ್ರೆ ಮಾಡಿದ ನೀರಿನ ಮುಂದೆ ಮನುಷ್ಯನ ಯಾತ್ರೆ ಚಿಕ್ಕದು. ಆದ್ದರಿಂದ ದೇವರ ಮುಂದೆ ತೀರ್ಥ ತೆಗೆದುಕೊಳ್ಳುವಾಗ ಆ ದೂರದ ಗುಡ್ಡವನ್ನೂ ಒಂದು ಸಲ ನೆನೆಯಬೇಕು, ಹತ್ತಿರದ ಗುಡ್ಡವನ್ನು ಕಾಯಬೇಕು.

ತಾಯಿ ಉಚ್ಚಂಗೆಮ್ಮನು ಎಲ್ಲ ಭಕ್ತರಿಗೂ ಮಳೆ ಬೆಳೆ, ಆಯುರಾರೋಗ್ಯ ಕೊಟ್ಟು ಕಾಪಾಡಲಿ. ಸರ್ವೇ ಜನಾಃ ಸುಖಿನೋ ಭವಂತು.